ಕಿವಿಗೆ ಹತ್ತಿ

ಹಾಸಿಗೆ ಕಾರ್ಖಾನೆಯ ಹೊಲಿಗೆ ಕೋಣೆಯಲ್ಲಿ ಅವಳದು ಓದುವ ಕೆಲಸ. ಬೇರೆಯವರು ಹೊಲಿಯುತ್ತಾರೆ, ಅವಳು ಎತ್ತರದ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಾಳೆ, ಅದಕ್ಕೇ ಸಂಬಳ. ಕೇಳಿದವರು ನಗುತ್ತಾರೆ, ನಗಲಿ. ಹಾಸಿಗೆಯ ಅಂಚನ್ನು ಯಂತ್ರಕ್ಕೆ ಕೊಟ್ಟರೆ ವರ್ಷ ತುಂಬುವುದರೊಳಗೆ ಹೊಲಿಗೆ ಬಾಯಿ ಬಿಡುತ್ತದೆ, ಹಾಗಾಗಿ ಕೈಯಲ್ಲೇ ಹೊಲಿಯಬೇಕು. ಹೊಲಿಯುವವರು ಮಾತಿಗೆ ಕೂತರೆ ಹೊಲಿಗೆ ಉದ್ದವಾಗುತ್ತದೆ, ಬಾಯಿ ಮುಚ್ಚಿ ಕೂತರೆ ತೂಕಡಿಕೆ ಬರುತ್ತದೆ. ಯಾರಾದರೂ ಓದುತ್ತಿದ್ದರೆ ಮಾತ್ರ ಒಂದೇ ಅಳತೆಯಲ್ಲಿ ಬೀಳುತ್ತದೆ. ಇದನ್ನು ಕಂಡುಕೊಂಡವನು ಈಗಿನ ಮಾಲೀಕನ ಅಪ್ಪ. ಅವನು ಹೋಗಿ ಎಷ್ಟೋ ಕಾಲವಾಯಿತು, ಸ್ಟೂಲು ಉಳಿದಿದೆ. ಅದರ ಮೇಲೆ ಕೂತವಳು ಯಾರೇ ಇರಲಿ, ಅವಳನ್ನು ಎಲ್ಲರೂ ಓದಮ್ಮ ಎನ್ನುತ್ತಾರೆ.

ಮೊದಲು ಪತ್ರಿಕೆ ಓದುತ್ತಿದ್ದರು. ಸೇತುವೆಯ ಮೇಲೆ ಗಲಾಟೆಯಾದ ಮೇಲೆ ಅದು ನಿಂತಿತು. ಊರಿನ ನಡುವೆ ಹೊಳೆ ಹರಿಯುತ್ತದೆ. ಈಚೆಯವರಿಗೆ ಆಚೆಯವರನ್ನು ಕಂಡರಾಗದು, ಆಚೆಯವರಿಗೆ ಈಚೆಯವರ ನೆರಳೂ ಆಗದು. ಯಾವುದು ಈಚೆ, ಯಾವುದು ಆಚೆ ಎಂದು ಕೇಳಿ ಪ್ರಯೋಜನವಿಲ್ಲ, ಇಬ್ಬರೂ ತಾವಿರುವ ದಡವನ್ನೇ ಈಚೆ ಎನ್ನುತ್ತಾರೆ. ನಮ್ಮ ಓದಮ್ಮ ಇರುವ ಕಡೆಯನ್ನು ಈಚೆ ಎಂದುಕೊಂಡರೆ ಸಾಕು, ಕತೆಗೆ ಅಷ್ಟು ಸಾಕಾಗುತ್ತದೆ. ಕಾರ್ಖಾನೆಯಲ್ಲಿ ಎರಡೂ ಕಡೆಯವರು ಇದ್ದರು. ಹೊಟ್ಟೆಪಾಡು ಎರಡೂ ದಡದಲ್ಲಿ ಒಂದೇ. ಕಿಟಕಿಯ ಪಕ್ಕದ ಉದ್ದ ಮೇಜು ಈಚೆಯವರದು, ಗೋಡೆಯ ಪಕ್ಕದ್ದು ಆಚೆಯವರದು. ಹಾಗೆಂದು ಯಾರೂ ಹೇಳಿರಲಿಲ್ಲ, ತಾನಾಗಿಯೇ ಆಯಿತು.

ಪತ್ರಿಕೆ ನಿಂತಾಗ ಮಾಲೀಕ ಇನ್ನು ಮೇಲೆ ಕವಿತೆ ಓದಿ ಎಂದ. ಕವಿತೆಯಿಂದ ಯಾರ ತಲೆಯೂ ಒಡೆಯುವುದಿಲ್ಲ ಎಂದು ಅವನ ಎಣಿಕೆ. ಆದರೆ ಯಾರ ಕವಿತೆ? ಅದಕ್ಕೂ ಜಗಳ ಶುರುವಾಯಿತು. ಕೊನೆಗೆ ಬೆಳಿಗ್ಗೆ ಈಚೆಯವರು ಬರೆದದ್ದು, ಊಟದ ಮೇಲೆ ಆಚೆಯವರು ಬರೆದದ್ದು ಎಂದು ತೀರ್ಮಾನವಾಯಿತು. ಒಂದೊಂದು ದಡದವರು ತಮ್ಮವರ ಕವಿತೆಗಳ ಹೊಸ ಸಂಕಲನವೊಂದನ್ನು ತಂದುಕೊಟ್ಟರು. ರಕ್ಷಾಪುಟದ ಮೇಲಿನ ಹೆಸರು ನೋಡಿಯೇ ಜನ ಮೂಗು ಮುರಿಯುತ್ತಾರೆಂದು ಮೇಸ್ತ್ರಿ ಎರಡೂ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕಿ, ಗುರುತಿಗೆ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿದ. ಕೆಂಪು ನಮ್ಮದು, ಬಿಳಿ ಅವರದು. ಒಬ್ಬರದಕ್ಕೆ ಇನ್ನೊಬ್ಬರು ಕಿವಿ ಕೊಡಬೇಕಾದ ಕರ್ಮ ಬೇಡವೆಂದು ಜನರೇ ಒಂದು ದಾರಿ ಕಂಡುಕೊಂಡರು. ಹಾಸಿಗೆ ಕಾರ್ಖಾನೆಯಲ್ಲಿ ಹತ್ತಿಗೇನು ಬರ? ಬೆಳಗಿನ ಓದಿಗೆ ಗೋಡೆಯ ಮೇಜಿನವರು ಚಿಟಿಕೆ ಹತ್ತಿಯನ್ನು ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದರು. ಊಟದ ಮೇಲೆ ಕಿಟಕಿಯ ಮೇಜಿನವರ ಸರದಿ. ದೊಡ್ಡ ದೊಡ್ಡವರು, ಮೊಮ್ಮಕ್ಕಳನ್ನು ಕಂಡವರು, ಕಿವಿಯಿಂದ ಬಿಳಿ ಜುಟ್ಟು ಹೊರಬಿಟ್ಟುಕೊಂಡು ಗಂಭೀರವಾಗಿ ಕೂತು ಹೊಲಿಯುವುದನ್ನು ನೋಡಿದರೆ ಯಾರಿಗೇ ಆದರೂ ನಗು ಬರಬೇಕು. ಅಲ್ಲಿ ಯಾರೂ ನಗುತ್ತಿರಲಿಲ್ಲ.

ಈಚೆಯವರ ಪೈಕಿ ಹತ್ತಿ ತುರುಕಿಕೊಳ್ಳುವುದರಲ್ಲಿ ಎತ್ತಿದ ಕೈ ಎಂದರೆ ಓದಮ್ಮನ ಅತ್ತೆ. ಬಿಳಿ ದಾರ ಬಿಚ್ಚುವ ಮೊದಲೇ ಅವರ ಕಿವಿ ಮುಚ್ಚಿರುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಸೇತುವೆಯ ಗಲಾಟೆಯಲ್ಲಿ ಸತ್ತವರ ಪೈಕಿ ಅವರ ಒಬ್ಬನೇ ಮಗ, ಓದಮ್ಮನ ಗಂಡನೂ ಇದ್ದ. ನೆಲಕ್ಕೆ ಟೈಲ್ಸ್ ಹಾಕುವ ಕೆಲಸ ಅವನದು. ಆಚೆ ಯಾರದೋ ಬಚ್ಚಲುಮನೆಯ ಕೆಲಸ ಮುಗಿಸಿ ವಾಪಸ್ಸು ಬರುತ್ತಿದ್ದ. ಗಲಾಟೆಗೂ ಅವನಿಗೂ ಸಂಬಂಧವಿರಲಿಲ್ಲ. ಸುತ್ತಿ ಬರೋ ದಾರೀಲಿ ಬಾ, ಸೇತುವೆ ಹತ್ರ ಜನ ಸೇರಿದ್ದಾರಂತೆ ಎಂದು ಹೆಂಡತಿ ಫೋನಿನಲ್ಲಿ ಹೇಳಿದ್ದಳು. ಏನಾಗುತ್ತೆ ಬಿಡು ಎಂದಿದ್ದ.

ಅಂದಿನಿಂದ ಮನೆಯಲ್ಲಿ ಇಬ್ಬರೇ ಹೆಂಗಸರು. ಅಳುವ ಹೊತ್ತಿನಲ್ಲಿ ಮನೆ ತುಂಬ ಜನ ಇದ್ದರು, ಜನ ಹೋದ ಮೇಲೆ ಅಳುವುದು ಹೇಗೆಂದು ಇಬ್ಬರಿಗೂ ಮರೆತುಹೋಯಿತು. ಅತ್ತೆ ಮಾತು ಬಿಟ್ಟರು. ಉಪ್ಪು ಹೆಚ್ಚಾಯಿತೆಂದು ಕೂಡ ಹೇಳುತ್ತಿರಲಿಲ್ಲ. ಓದಮ್ಮನಿಗೆ ಉಪ್ಪು ಹೆಚ್ಚಾದದ್ದೇ ತಿಳಿಯುತ್ತಿರಲಿಲ್ಲ. ಒಂದು ಸಲ ಕಾದ ಬಾಣಲೆಯ ಹಿಡಿಯನ್ನು ಬರಿಗೈಲಿ ಹಿಡಿದು ನಿಂತಿದ್ದವಳಿಗೆ ಸುಟ್ಟದ್ದು ಗೊತ್ತಾದದ್ದು ವಾಸನೆ ಬಂದಾಗ. ಮರುದಿನ ಆ ಕೈಗೆ ಬಟ್ಟೆ ಸುತ್ತಿಕೊಂಡೇ ಕಾರ್ಖಾನೆಗೆ ಬಂದು ಪುಟ ತಿರುಗಿಸಿದಳು. ಓದಿದ್ದು ಬಾಯಿ, ನೋಡಿದ್ದು ಕಣ್ಣು, ನಡುವೆ ಅವಳು ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವವನಿಗೆ ಆ ಊರುಗಳಲ್ಲಿ ಏನು ಕೆಲಸ? ಹಾಗೇ ಇತ್ತು ಅವಳ ಓದು.

ಅದಕ್ಕೇ ಆ ತಪ್ಪು ಆದದ್ದು. ಒಂದು ಬೆಳಿಗ್ಗೆ ಕೈಗೆ ಸಿಕ್ಕ ಪುಸ್ತಕದ ದಾರ ಬಿಚ್ಚಿ, ಗುರುತಿಗಿಟ್ಟ ಚೀಟಿ ಇದ್ದ ಪುಟದಿಂದ ಓದುತ್ತ ಹೋದಳು. ಕವಿತೆ ಮುಗಿದು ಕಣ್ಣು ಕೆಳಗಿಳಿದಾಗ ಮಡಿಲಲ್ಲಿ ಬಿದ್ದಿದ್ದ ದಾರ ಕಂಡಿತು. ಬಿಳಿಯದು. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಈಗ ನಿಲ್ಲಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದಷ್ಟೇ ಹೊಳೆಯಿತು. ಪುಸ್ತಕ ತಪ್ಪಿದರೆ ಓದು ಬಂದ್, ಓದಿದವಳು ಹತ್ತಿ ಹಿಂಜುವ ಷೆಡ್ಡಿಗೆ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಆ ಷೆಡ್ಡಿನ ಧೂಳು ಕುಡಿದವರು ಮಳೆಗಾಲ ಬರುವುದರೊಳಗೆ ಕೆಮ್ಮಲು ಶುರುಮಾಡುತ್ತಾರೆ. ಓದಮ್ಮ ದಾರವನ್ನು ತೊಡೆಯ ಕೆಳಗೆ ತಳ್ಳಿ ಊಟದ ಗಂಟೆಯವರೆಗೂ ಆಚೆಯವರದನ್ನೇ ಓದಿದಳು. ಊಟದ ಮೇಲೆ ಈಚೆಯವರದನ್ನು ಓದಿ ಲೆಕ್ಕ ಸರಿಮಾಡಿದಳು.

ಯಾರಿಗೂ ಗೊತ್ತಾಗಲಿಲ್ಲ. ಯಾರಿಗೆ ಗೊತ್ತಾಗಬೇಕಿತ್ತೋ ಅವರ ಕಿವಿಯಲ್ಲಿ ಹತ್ತಿ ಇತ್ತಲ್ಲ. ಸಂಜೆ ಗೋಡೆಯ ಮೇಜಿನವರು ಇವತ್ತಿನದು ಚೆನ್ನಾಗಿತ್ತು ಎಂದು ಮಾತಾಡಿಕೊಂಡು ಹೋದರು. ಕಿಟಕಿಯ ಮೇಜಿನವರು ಅವತ್ತು ಮಾತೇ ಆಡಲಿಲ್ಲ, ಬಾಯಿಬಡುಕಿಯೆಂದು ರೇಡಿಯೋ ಎಂಬ ಹೆಸರು ಗಳಿಸಿದ್ದ ಹೆಂಗಸು ಕೂಡ.

ಮನೆಗೆ ಬಂದು ಚಪ್ಪಲಿ ಬಿಡುತ್ತ ಅತ್ತೆ ಹೇಳಿದರು. "ಇವನದ್ದೂ ಹಾಗೇ ಇದೆ, ನೋಡಿದ್ಯಾ?"

"ಯಾರದ್ದು ಅತ್ತೆ?"

"ಇವನದ್ದು. ಚಪ್ಪಲಿ. ಹೆಬ್ಬೆರಳು ಒತ್ತಿದ ಗುಳಿ. ಅದರಲ್ಲಿ ಬರುತ್ತಲ್ಲ, ಬೆಳಿಗ್ಗೆ ಓದಿದ್ದರಲ್ಲಿ."

ಮಗನ ವಿಷಯ ಅವರು ಬಾಯಿಬಿಟ್ಟದ್ದು ಅದೇ ಮೊದಲು. ಅಂದು ಊಟಕ್ಕೆ ಕೂತಾಗ ಅವನು ಚಿಕ್ಕವನಿದ್ದಾಗ ಯಾರದೋ ಹೊಸ ಸಿಮೆಂಟು ನೆಲದ ಮೇಲೆ ಓಡಿ ಬೈಸಿಕೊಂಡದ್ದನ್ನು ಹೇಳಿದರು. ಉಪ್ಪು ಹೆಚ್ಚಾಗಿದೆ ಎಂದೂ ಹೇಳಿದರು. ಎರಡು ತುತ್ತು ಹೆಚ್ಚಿಗೆ ತಿಂದರು. ಆಮೇಲೆ ಗೋಡೆಗೆ ಒರಗಿಕೊಂಡು, "ನಮ್ಮೋರು ಬರೆದದ್ದು ಅಂದ್ರೆ ಹಾಗೇ ಕಣೆ. ಕರುಳು ಇರೋರು. ಆಚೆಯೋರಿಗೆ ಇದೆಲ್ಲ ಎಲ್ಲಿಂದ ಬರಬೇಕು?" ಎಂದರು.

ಓದಮ್ಮ ತಟ್ಟೆ ತೊಳೆಯುತ್ತಿದ್ದಳು. ತೊಳೆಯುತ್ತಲೇ ಇದ್ದಳು.

ಅವಳಿಗೆ ಷೆಡ್ಡಿನ ಭಯವಿರಲಿಲ್ಲ. ಕೆಮ್ಮು ಬಂದರೆ ಬಂತು. ಅವಳಿಗಿದ್ದದ್ದು ಬೇರೆಯದೇ ಕಷ್ಟ. ಅತ್ತೆಗೆ ಮಾತು ವಾಪಸ್ಸು ಬಂದಿದೆ. ಆ ಕವಿತೆ ಎಲ್ಲಿಯದೆಂದು ತಿಳಿದ ಗಳಿಗೆ ಅದು ಮತ್ತೆ ಹೋಗುತ್ತದೆ, ಈ ಸಲ ಹೋದರೆ ಬರುವುದಿಲ್ಲ. ಇದೊಂದು ಅವಳಿಗೆ ಸ್ಪಷ್ಟವಾಗಿತ್ತು. ಉಳಿದ ಯಾವುದೂ ಹಾಗೆ ಸ್ಪಷ್ಟವಾಗಿರಲಿಲ್ಲ.

ಅತ್ತೆ ಸುಮ್ಮನಿರಲಿಲ್ಲ. ಎರಡು ದಿನ ಕಳೆದ ಮೇಲೆ ಹೊಲಿಗೆ ಕೋಣೆಯಲ್ಲೇ ಸೂಜಿ ಎತ್ತಿ ಹಿಡಿದು, "ಅವತ್ತಿಂದು ಓದಮ್ಮ, ಚಪ್ಪಲೀದು" ಎಂದರು. ಕೆಂಪು ದಾರದ್ದರಲ್ಲಿ ಮಾವಿನ ತೋಪಿನ ಮೇಲೊಂದು ಕವಿತೆ ಇತ್ತು, ಅದನ್ನು ಓದಿ ತಪ್ಪಿಸಿಕೊಂಡಳು. ಮರುದಿನ ಮತ್ತೆ ಕೇಳಿದರು. ಪುಟ ಸಿಗುತ್ತಿಲ್ಲ ಎಂದಳು. ಅದರ ಮರುದಿನ ರೇಡಿಯೋ ಕೇಳಿದಳು. "ಪುಟ ಏನು ಕಾಲು ಬಂದು ಓಡಿಹೋಯ್ತಾ? ಎಲ್ಲಾ ಹುಡುಕಿ ನೋಡು, ನಿಮ್ಮತ್ತೆ ಅನ್ನ ಬಿಟ್ಟು ಕೂತವ್ರೆ." ಅನ್ನ ಬಿಟ್ಟಿರಲಿಲ್ಲ, ಆದರೆ ಮಾತು ಕಡಿಮೆಯಾಗಿತ್ತು. ಮನೆಗೆ ಬಂದು ಗೋಡೆ ನೋಡುತ್ತ ಕೂರುವುದು ಮತ್ತೆ ಶುರುವಾಗಿತ್ತು.

ಓದಮ್ಮ ಒಂದು ಉಪಾಯ ಮಾಡಿದಳು. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಬಿಳಿ ದಾರದ ಪುಸ್ತಕ ತೆಗೆದು ಆ ಕವಿತೆಯನ್ನು ಬಾಯಿಪಾಠ ಮಾಡಿಕೊಂಡಳು. ಶಾಲೆಯಲ್ಲಿ ಮಗ್ಗಿ ಉರು ಹೊಡೆದಂತೆ ಹೊಡೆದಳು. ಅದರ ಅರ್ಥದ ಕಡೆ ಅವಳು ತಲೆ ಹಾಕಲಿಲ್ಲ. ಕೆಂಪು ದಾರದ್ದನ್ನು ಎದುರಿಗೆ ತೆರೆದಿಟ್ಟುಕೊಂಡು ಬಿಳಿ ದಾರದ್ದನ್ನು ಹೇಳಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ಅತ್ತೆಗೆ ಅಕ್ಷರ ಬರುವುದಿಲ್ಲ. ಆಚೆಯವರ ಕಿವಿಗೆ ಹತ್ತಿ.

ಹಾಗೆಯೇ ಮಾಡಿದಳು. ಬೆಳಿಗ್ಗೆ ಕೆಂಪು ದಾರ ಬಿಚ್ಚಿ, "ಸಿಕ್ತು" ಎಂದಳು. ಕಿಟಕಿಯ ಮೇಜಿನಲ್ಲಿ ಸೂಜಿಗಳು ಒಂದು ಕ್ಷಣ ನಿಂತು ಮತ್ತೆ ಓಡಿದವು. ಅತ್ತೆ ತಲೆ ಬಗ್ಗಿಸಿ ಕೂತರು. ಮಾವಿನ ತೋಪಿನ ಪುಟವನ್ನು ನೋಡುತ್ತ ಓದಮ್ಮ ಶುರುಮಾಡಿದಳು.

"ಬಾಗಿಲಿಗೆ ಇನ್ನೂ ತಿಳಿದಿಲ್ಲ,
ಸದ್ದಾದರೆ ನೀನೇ ಎಂದುಕೊಳ್ಳುತ್ತದೆ.
ಚಪ್ಪಲಿಗೆ ತಿಳಿದಿಲ್ಲ,
ನಿನ್ನ ಹೆಬ್ಬೆರಳು ಒತ್ತಿದ ಗುಳಿಯನ್ನು
ಹಾಗೇ ಕಾದಿಟ್ಟುಕೊಂಡಿದೆ."

ಮೊದಲ ಸಾಲು ಹೇಳುವಾಗಲೇ ರೇಡಿಯೋಳ ಸೂಜಿ ಮುರಿದಿತ್ತು. ಹಾಸಿಗೆ ಕಾರ್ಖಾನೆಯಲ್ಲಿ ಸೂಜಿ ಮುರಿಯುವುದೆಂದರೆ ಸಣ್ಣ ಮಾತಲ್ಲ. ಮುರಿದ ತುಂಡು ಹತ್ತಿಯೊಳಗೆ ಸೇರಿಕೊಂಡರೆ ನಾಳೆ ಯಾರದೋ ಬೆನ್ನಿಗೆ ಚುಚ್ಚುತ್ತದೆ. ಹಾಗಾಗಿ ಸೂಜಿ ಮುರಿದವರು ಕೈ ಎತ್ತಲೇಬೇಕು, ಸೂಜಿಗಳ ಲೆಕ್ಕ ನೋಡಿಕೊಳ್ಳುವ ಸೂಜಿತಾತ ಬಂದು ಅಯಸ್ಕಾಂತ ಆಡಿಸಿ ತುಂಡು ಹುಡುಕಲೇಬೇಕು. ಸೂಜಿತಾತ ಆಚೆಯವನು. ಎರಡೂ ಮೇಜಿಗೆ ಹೋಗುವ ಅಪ್ಪಣೆ ಇದ್ದದ್ದು ಅವನೊಬ್ಬನಿಗೆ. ರೇಡಿಯೋ ಕೈ ಎತ್ತಿದ್ದನ್ನು ಕಂಡು, ಯಾವ ಕಡೆ ಮುರಿಯಿತು, ಎಷ್ಟು ಉದ್ದ ಎಂದು ಕೇಳಿ ತಿಳಿಯಬೇಕಲ್ಲ, ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ಬಂದ. ಬಂದವನು ಚಪ್ಪಲಿಯ ಸಾಲು ಕೇಳಿ ಅಯಸ್ಕಾಂತ ಹಿಡಿದುಕೊಂಡು ಹಾಗೇ ನಿಂತ.

"ತಾತ, ಇಲ್ಲಿ, ಈ ಮೂಲೇಲಿ" ಎಂದಳು ರೇಡಿಯೋ.

ಅವನು ಆ ಮೂಲೆ ನೋಡಲಿಲ್ಲ. ಸ್ಟೂಲಿನ ಕಡೆ ತಿರುಗಿ ಮೆಲ್ಲಗೆ ಕೇಳಿದ. "ಅದು ನಮ್ಮ ಹುಡುಗ ಬರೆದದ್ದು. ನಿಮ್ಮ ಪುಸ್ತಕಕ್ಕೆ ಹೇಗೆ ಬಂತಮ್ಮ?"

ಓದಮ್ಮ ನಿಲ್ಲಿಸಿದಳು. ತಾತನ ದನಿ ಜೋರಾಗಿರಲಿಲ್ಲ, ಆದರೆ ಓದು ನಿಂತ ಕೋಣೆಯಲ್ಲಿ ಯಾವ ದನಿಯೂ ಜೋರೇ. ಗೋಡೆಯ ಮೇಜಿನವರು ಏನೋ ಆಯಿತೆಂದು ಒಬ್ಬೊಬ್ಬರೇ ಹತ್ತಿ ಕಿತ್ತರು. ಮೇಸ್ತ್ರಿ ಬಾಗಿಲಿನಿಂದ ನೆಟ್ಟಗೆ ಬಂದು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡ. ಆ ಪುಟ ಓದಿದ. ಹಿಂದಿನ ಪುಟ, ಮುಂದಿನ ಪುಟ ಓದಿದ. ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಇದರಲ್ಲಿ ಮಾವಿನ ತೋಪು ಇದೆ" ಎಂದ. "ನೀನು ಓದಿದ್ದು ಎಲ್ಲಿದೆ?"

ಸುಳ್ಳು ಹೇಳಬಹುದಿತ್ತು. ಎಲ್ಲೋ ಕೇಳಿದ್ದು, ನೆನಪಿತ್ತು ಎಂದಿದ್ದರೆ ಮೇಸ್ತ್ರಿ ಗೊಣಗಿ ಬಿಟ್ಟುಬಿಡುತ್ತಿದ್ದ. ಓದಮ್ಮನಿಗೆ ಸುಳ್ಳಿನ ಮೇಲೆ ಸುಳ್ಳು ಕಟ್ಟುವಷ್ಟು ಚೈತನ್ಯ ಉಳಿದಿರಲಿಲ್ಲ.

"ಬಿಳಿ ದಾರದ್ದರಲ್ಲಿ" ಎಂದಳು. "ಅವತ್ತು ಓದಿದ್ದೂ ಅದರದ್ದೇ. ಅವತ್ತು ಗೊತ್ತಾಗದೆ ಓದಿದೆ. ಇವತ್ತು ಗೊತ್ತಿದ್ದೇ ಓದಿದೆ."

ರೇಡಿಯೋ ಕುರ್ಚಿ ಹಿಂದಕ್ಕೆ ತಳ್ಳಿದಳು. "ಥೂ. ನಾನು ಅದಕ್ಕೆ ಕಣ್ಣೀರು ಹಾಕಿದೆನಲ್ಲ" ಎಂದಳು. ಗೋಡೆಯ ಮೇಜಿನಿಂದ ಯಾರೋ, "ನಮ್ಮ ಹುಡುಗನ್ನ ನಿಮ್ಮ ಪುಸ್ತಕಕ್ಕೆ ಸೇರಿಸಿಕೊಂಡ್ರಾ? ನಮ್ಮೋರನ್ನ ಕೊಂದಿದ್ದು ಸಾಲದಾ?" ಎಂದರು. ಎರಡೂ ಕಡೆ ಜನ ಎದ್ದರು. ಮೇಸ್ತ್ರಿ ಕೈ ಎತ್ತಿ, "ಓದು ಬಂದ್. ಇವತ್ತಿಂದ ಯಾರದ್ದೂ ಇಲ್ಲ. ನಾಳೆಯಿಂದ ನೀನು ಷೆಡ್ಡಿಗೆ ಹೋಗು. ಎಲ್ಲರೂ ಕೂತ್ಕೊಳಿ" ಎಂದ. ಕೂತರು, ಸಂಬಳದ ಭಯ ಯಾರಿಗಿಲ್ಲ? ಆದರೆ ಯಾರ ಕಣ್ಣೂ ಹೊಲಿಗೆಯ ಮೇಲಿರಲಿಲ್ಲ. ಎಲ್ಲರೂ ಅತ್ತೆಯನ್ನು ನೋಡುತ್ತಿದ್ದರು.

ಓದಮ್ಮ ನೋಡಲಿಲ್ಲ. ನೋಡಿ ಮಾಡುವುದೇನು? ಅತ್ತೆಯ ಮಾತು ಹೋಯಿತು, ಎಂದುಕೊಂಡಳು. ಹೋದದ್ದು ನೋಯಲೂ ಇಲ್ಲ.

ಅತ್ತೆ ಹಲ್ಲಲ್ಲಿ ದಾರ ಕಚ್ಚಿ ತುಂಡರಿಸಿದರು. ಆಮೇಲೆ ತಲೆ ಎತ್ತಿ ಸೂಜಿತಾತನನ್ನು ಕೇಳಿದರು. ಇಷ್ಟು ವರ್ಷ ಒಂದೇ ಕೋಣೆಯಲ್ಲಿದ್ದು ಅವನಿಗೆ ಅವರು ಆಡಿದ ಮೊದಲ ಮಾತು ಅದು.

"ಯಾರು ನಿಮ್ಮ ಹುಡುಗ?"

"ನನ್ನ ತಂಗಿ ಮಗ. ವ್ಯಾನ್ ಓಡಿಸ್ತಾನೆ."

"ಯಾರ ಮೇಲೆ ಬರೆದ?"

"ಅವರಣ್ಣನ ಮೇಲೆ. ಅವತ್ತು ಸೇತುವೆ ಹತ್ರ ತೀರಿಹೋದೋನು."

"ಅವತ್ತೇನಾ?"

"ಅವತ್ತೇ."

"ಯಾವ ಕಡೆ ಬಿದ್ದಿದ್ದ?"

ತಾತ ಅಯಸ್ಕಾಂತವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ನಿಮ್ಮ ಕಡೆ" ಎಂದ.

"ನನ್ನ ಮಗ ನಿಮ್ಮ ಕಡೆ ಬಿದ್ದಿದ್ದ."

"ಗೊತ್ತು" ಎಂದ ತಾತ.

ಅಷ್ಟೇ. ಇಬ್ಬರೂ ಕ್ಷಮೆ ಕೇಳಲಿಲ್ಲ, ಕೇಳಲು ಅವರು ಯಾರನ್ನೂ ಹೊಡೆದವರಲ್ಲ. ಹೊಡೆದವರು ಆ ಕೋಣೆಯಲ್ಲಿ ಇದ್ದರೋ ಇಲ್ಲವೋ, ಯಾರು ಬಲ್ಲರು? ತಾತ ಬಗ್ಗಿ ಹಾಸಿಗೆಯ ಮೂಲೆಯ ಮೇಲೆ ಅಯಸ್ಕಾಂತ ಆಡಿಸತೊಡಗಿದ. ಅತ್ತೆ ಸೂಜಿಗೆ ಹೊಸ ದಾರ ಪೋಣಿಸಿದರು. ವಯಸ್ಸಾದ ಕಣ್ಣು, ದಾರ ತೂತಿಗೆ ಹೋಗಲು ಹೊತ್ತು ಹಿಡಿಯಿತು. ಹೋದ ಮೇಲೆ ಅಂಚಿಗೆ ಸೂಜಿ ಚುಚ್ಚಿ, ಯಾರನ್ನೂ ನೋಡದೆ, ಓದಮ್ಮ ನಿಲ್ಲಿಸಿದಲ್ಲಿಂದ ಹಿಡಿದರು.

"ನಾನೂ ಯಾರಿಗೂ ಹೇಳುವುದಿಲ್ಲ."

ಮೇಸ್ತ್ರಿ ತಿರುಗಿದ. "ಓದು ಬಂದ್ ಅಂದೆನಲ್ಲಮ್ಮ."

"ನನಗೆ ಓದೋಕೆ ಎಲ್ಲಿ ಬರುತ್ತಪ್ಪ" ಎಂದರು ಅತ್ತೆ.

ಮೇಸ್ತ್ರಿ ಬೆರಳಿಗೆ ಸುತ್ತಿದ್ದ ಕೆಂಪು ದಾರ ಬಿಚ್ಚತೊಡಗಿದ. ರೇಡಿಯೋ ಎದುರಿನ ಹಾಸಿಗೆಯಿಂದ ಚಿಟಿಕೆ ಹತ್ತಿ ಕಿತ್ತು ತನ್ನವರೇ ಆದ ಹೆಂಗಸಿನ ಮಾತಿಗೆ ಕಿವಿ ಮುಚ್ಚಿಕೊಂಡಳು. ಗೋಡೆಯ ಮೇಜಿನಲ್ಲೂ ಕೆಲವರು ಹಾಗೇ ಮಾಡಿದರು. ಕೆಲವರು ಮಾಡಲಿಲ್ಲ. ಅತ್ತೆಗೆ ಇದರಲ್ಲಿ ಯಾವುದೂ ಕಾಣಲಿಲ್ಲ, ಅವರು ಹೊಲಿಯುತ್ತಿದ್ದರು. ಅವರು ಕೇಳಿದ್ದು ಒಂದು ಸಲ ಪೂರ್ತಿ, ಇನ್ನೊಂದು ಸಲ ಅರ್ಧ. ಆದರೂ ಒಂದು ಅಕ್ಷರ ತಪ್ಪಲಿಲ್ಲ.

"ಸಂಜೆ ನಲ್ಲಿಯಲ್ಲಿ ನೀರು ಬಂದಾಗ
ನಿನ್ನ ಪಾಲಿನದನ್ನೂ ತುಂಬಿ ಇಡುತ್ತೇನೆ,
ಬೆಳಿಗ್ಗೆ ಚೆಲ್ಲುತ್ತೇನೆ.
ಬಾ, ಬಂದರೆ ಬಯ್ಯುತ್ತೇನೆ,
ಇಷ್ಟು ನೀರು ದಂಡ ಮಾಡಿಸಿದೆಯಲ್ಲ ಎಂದು."

ಓದಮ್ಮ ಸ್ಟೂಲಿನ ಮೇಲೆಯೇ ಇದ್ದಳು, ಕೈಯಲ್ಲಿ ಪುಸ್ತಕವಿರಲಿಲ್ಲ. ಅವಳಿಗೆ ಯಾರೂ ಯಾವತ್ತೂ ಏನನ್ನೂ ಓದಿ ಹೇಳಿರಲಿಲ್ಲ. ಆ ಸಾಲುಗಳನ್ನು ಅವಳು ಉರು ಹೊಡೆದಿದ್ದಳು, ಆಗ ಅವು ಬಾಯಿಗೆ ಕೆಲಸವಾಗಿದ್ದವು. ಈಗ ಸುಮ್ಮನೆ ಕೂತು ಕೇಳುವುದಷ್ಟೇ ಇತ್ತು, ಕೇಳದೆ ಇರಲು ಕಿವಿಯಲ್ಲಿ ಏನೂ ಇರಲಿಲ್ಲ. ಬಂದರೆ ಬಯ್ಯುತ್ತೇನೆ ಎಂಬ ಮಾತು ಒಳಗೆ ಇಳಿಯಿತು. ಗಂಡ ಸತ್ತ ಮೇಲೆ ಮೊದಲ ಸಲ ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಕೊಂದವರ ಮೇಲಲ್ಲ, ಆಚೆಯವರ ಮೇಲಲ್ಲ, ಅವನ ಮೇಲೆ. ಸುತ್ತಿ ಬಾ ಎಂದರೆ ಕೇಳದ ಜೀವ. ಇಲ್ಲೇ ಎದುರಿಗೆ ಸಿಕ್ಕಿದ್ದರೆ ಜನರೆದುರೇ ಬಾಯಿಗೆ ಬಂದಂತೆ ಬಯ್ದುಬಿಡುತ್ತಿದ್ದಳು, ಅವನು ತಲೆ ಕೆರೆದುಕೊಂಡು ನಗುತ್ತಿದ್ದ, ಅದಕ್ಕೆ ಇನ್ನಷ್ಟು ಬಯ್ಯುತ್ತಿದ್ದಳು. ಆ ಸಿಟ್ಟಿನಲ್ಲೇ ಸ್ಟೂಲಿನಿಂದ ಇಳಿದಳು. ಇಳಿದವಳು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

ಅತ್ತೆ ಸೂಜಿ ನಿಲ್ಲಿಸಲಿಲ್ಲ. "ಏನು?" ಎಂದರು.

"ಇನ್ನೊಂದು ಸಲ ಹೇಳಿ ಅತ್ತೆ" ಎಂದಳು ಓದಮ್ಮ. "ಮೊದಲಿಂದ."